ಸೋಲಲು ಬಾರದ ಅಕ್ಕೋರು

ಆಟದಲ್ಲಿ ಸೋಲುವುದು ನನಗೆ ಬರುವುದಿಲ್ಲ. ಮುದಗಲ್ಲಿನ ನಮ್ಮ ಮನೆಯಲ್ಲಿ ತಂಗಿಯರ ಜತೆ ಚೌಕಾಬಾರಾ ಆಡುವಾಗ, ಸೋಲುವ ಲಕ್ಷಣ ಕಂಡೊಡನೆ ಮನೆಗಳನ್ನೆಲ್ಲ ಲಂಗದಂಚಿನಿಂದ ಅಳಿಸಿ ಎದ್ದುಹೋಗುತ್ತಿದ್ದವಳು ನಾನು. ಇಂಥವಳನ್ನು ಸರ್ಕಾರ ಗೊರೇಬಾಳದ ಶಾಲೆಗೆ ಅಕ್ಕೋರನ್ನಾಗಿ ಕಳಿಸಿತು. ಸಾಲದ್ದಕ್ಕೆ, ಲಿಂಗಸುಗೂರಿನಲ್ಲಿ ಒಂದು ವಾರ ತರಬೇತಿ ಕೊಟ್ಟು, ಆಟದಿಂದ ಮಕ್ಕಳ ಮನಸ್ಸಿಗೆ ಮದ್ದು ಮಾಡುವುದು ಹೇಗೆಂಬ ಪುಸ್ತಕವನ್ನೂ ಕೈಗಿಟ್ಟಿತು.

ಅದನ್ನು ಬರೆದವರು ಬಹಳ ಶಾಂತ ಸ್ವಭಾವದವರಿರಬೇಕು. ಮಾತಾಡದ ಮಗುವಿನ ಜತೆ ಆಡಿ ಬೇಕೆಂದೇ ಸೋಲಿರಿ, ಗೆದ್ದ ಮಗು ತಾನಾಗಿ ಬಾಯಿ ತೆರೆಯುತ್ತದೆ ಎಂದಿತ್ತು. ಕೆಂಪು ಪೆನ್ಸಿಲ್ಲಿನಿಂದ ಅಡಿಗೆರೆ ಎಳೆದೆ. ಅಡಿಗೆರೆ ಎಳೆಯುವುದು ಸುಲಭ.

ಮಾತಾಡದ ಮಗು ನಮ್ಮ ಶಾಲೆಯಲ್ಲೂ ಒಂದಿತ್ತು. ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ಕ್ಯಾಂಪಿನಲ್ಲಿ ನೆಲೆಸಿದವರ ಮಗಳು, ಒಂಬತ್ತು ವರ್ಷದ ರತ್ನಂ. ಶಾಲೆಗೆ ಸೇರಿ ಐದು ತಿಂಗಳಾದರೂ ತುಟಿ ಬಿಚ್ಚಿರಲಿಲ್ಲ. "ಮಾತಾಡದ ಪಿಲ್ಲಕ್ಕೆ ಸ್ಕೂಲ್ ಯಾಕಮ್ಮಾ? ನಾಟಿ ಶುರು ಆದ್ರೆ ಗದ್ದೆಗೆ ಕರ್ಕೊಂಡು ಹೋಗ್ತೀನಿ," ಎಂದು ಅವಳಪ್ಪ ಬಾಗಿಲಲ್ಲಿ ನಿಂತು ಹೇಳಿ ಹೋದ. ಸಸಿಮಡಿಗಳು ಆಗಲೇ ಹಸಿರಾಗಿದ್ದವು. ನನಗೆ ಉಳಿದದ್ದು ಹೆಚ್ಚೆಂದರೆ ಮೂರು ವಾರ.

ಮಧ್ಯಾಹ್ನದ ಬಿಡುವಿನಲ್ಲಿ ಹಾಸುಗಲ್ಲಿನ ಮೇಲೆ ಸೀಮೆಸುಣ್ಣದಿಂದ ಇಪ್ಪತ್ತೈದು ಮನೆ ಬರೆದು ಕೂತೆವು: ರತ್ನಂ, ಅವಳ ಪಕ್ಕ ಕೂಡುವ ಬಸಮ್ಮ, ನಾನು. ಮುದಗಲ್ ಕೋಟೆಯ ಕಲ್ಲುಗಳ ಮೇಲೂ ಇಂಥ ಮನೆಗಳನ್ನು ಕೊರೆದದ್ದು ನೋಡಿದ್ದೇನೆ. ತಲೆ ಕಡಿಯುವ ಸಿಪಾಯಿಗಳು ಕಾಯಿ ಕಡಿಸಿಕೊಂಡು ಮುಖ ಊದಿಸಿ ಕೂತಿರಬೇಕು. ನಮ್ಮ ಕಡೆಯ ಕಟ್ಟಳೆಯೇ ಹಾಗೆ: ಎದುರಾಳಿಯ ಒಂದಾದರೂ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ರತ್ನಂ ಕಡಿಯುತ್ತಲೇ ಇರಲಿಲ್ಲ. ನನ್ನ ಕಾಯಿಯನ್ನು ಅವಳ ದಾರಿಯಲ್ಲಿ ತಂದು ತಂದು ನಿಲ್ಲಿಸಿದರೂ, ಬೇರೆ ಕಾಯಿ ನಡೆಸಿ ತಲೆ ತಗ್ಗಿಸುವಳು.

"ಕಡಿಬೇ ರತ್ನಂ, ಅಕ್ಕೋರು ಏನು ಅಳೂದಿಲ್ಲ," ಎಂದು ಬಸಮ್ಮ ಧೈರ್ಯ ಹೇಳಿದಳು. ಬಸಮ್ಮನಿಗೆ ನನ್ನ ಪರಿಚಯ ಸಾಲದು.

ಹದಿನೈದು ದಿನ ಸಾಧುವಾಗಿದ್ದು ನನಗೂ ಸಾಕಾಗಿತ್ತು. ಒಂದು ದಿನ ಕವಡೆಗಳು ನನ್ನ ಮಾತು ಕೇಳತೊಡಗಿದ್ದೇ ತಡ, ಪುಸ್ತಕ ಮರೆತೇಹೋಯಿತು. ಮೂರು ಕಾಯಿ ನಡುಮನೆ ಸೇರಿ ಹಣ್ಣಾದವು. ನಾಲ್ಕನೆಯದು ಹೊರಸುತ್ತಿನ ಕೊನೆಯ ಮನೆಯಲ್ಲಿತ್ತು. ಸೆರಗು ಸಿಕ್ಕಿಸಿ ಕೂತಿದ್ದೆ. ಆಗ ರತ್ನಂ ಕವಡೆ ಹಾಕಿದಳು. ಮೂರು. ನನ್ನ ಮುಖ ನೋಡಿದಳು, ಮೂರು ಮನೆ ಎಣಿಸಿದಳು, ನನ್ನ ಕಾಯಿ ಎತ್ತಿ ಹೊರಗಿಟ್ಟಳು. ಅಷ್ಟು ದಿನ ನಾನು ನಿಜವಾಗಿ ಆಡುತ್ತಿರಲಿಲ್ಲ ಎಂಬುದು ಅವಳಿಗೆ ತಿಳಿದಿತ್ತೋ ಏನೋ.

ಚಪ್ಪಾಳೆ ತಟ್ಟಬೇಕಾದ ಗಳಿಗೆ. ನಾನೇನು ಮಾಡಿದೆ ಗೊತ್ತೆ? "ಒಂದು ಕವಡಿ ವಾರೆ ಬಿದ್ದೈತಿ. ಇದು ಎರಡ. ನನ್ನ ಕಾಯಿ ಅಲ್ಲೇ ಇಡು," ಎಂದು ಬೆರಳ ತುದಿಯಿಂದ ಒಂದು ಕವಡೆಯನ್ನು ಮಗುಚಿಬಿಟ್ಟೆ.

ರತ್ನಂ ನನ್ನ ಮಣಿಕಟ್ಟು ಹಿಡಿದಳು. "ಮೂರ ಬಿದ್ದಾವ್ರಿ. ಸುಳ್ಳ ಹೇಳಬ್ಯಾಡ್ರಿ ಅಕ್ಕೋರೆ!"

ಥೇಟು ಬಸಮ್ಮನ ಕನ್ನಡ. ಐದು ತಿಂಗಳು ಬಾಯಿ ಮುಚ್ಚಿ ಕಲಿತದ್ದನ್ನೆಲ್ಲ ನನ್ನ ಮೇಲೇ ಪ್ರಯೋಗಿಸಿದಳು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಕುಣಿಯುವಷ್ಟು ಸಂತೋಷವೂ ಆಯಿತು.

ನಾಟಿಗೆ ಕರೆಯಲು ಬಂದ ಅಪ್ಪನಿಗೆ ಅವಳು ಎರಡೂ ಭಾಷೆಯಲ್ಲಿ ನನ್ನ ಮೋಸದ ಕಥೆ ಒಪ್ಪಿಸಿದಳು. ಅವನು ಹೊಟ್ಟೆ ತುಂಬ ನಕ್ಕು, "ಓದಲಿ ಬಿಡಮ್ಮಾ," ಎಂದು ಒಬ್ಬನೇ ಗದ್ದೆಗೆ ಹೋದ.

ಮುಂದೆ ಸಿಂಧನೂರಿನಲ್ಲಿ ಶಿಕ್ಷಕರ ಸಭೆ ನಡೆಯಿತು. ನಮ್ಮ ಹೆಡ್ ಮಾಸ್ತರರು ಎದ್ದು ನಿಂತು, "ಕೂಸು ಬಾಯಿ ಬಿಡಲಿ ಅಂತ ಅಕ್ಕೋರು ಬೇಕಂತನ ಮೋಸ ಮಾಡ್ಯಾರ. ಎಂಥಾ ಹಿಕಮತ್ ನೋಡ್ರಿ!" ಎಂದು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಿಜ ಹೇಳಬೇಕೆಂದು ಎದ್ದೆ. ನಮಸ್ಕಾರ ಮಾಡಿ ಕೂತೆ.

ಬಾಯಿ ಬಿಡಲು ರತ್ನಂಗೆ ಐದು ತಿಂಗಳು ಸಾಕಾಯಿತು. ನನಗೆ ಇವತ್ತಿನ ತನಕ ಬೇಕಾಯಿತು.