ಒಂದು ತಟ್ಟಿದರೆ ನಿಲ್ಲಬೇಕು

ಸಿಗ್ನಲ್ ಹಸಿರಾಗಿ ಎಷ್ಟೋ ಹೊತ್ತಾಗಿತ್ತು. ಹಿಂದಿನ ಕಾರುಗಳು ಹಾರ್ನ್ ಹೊಡೆದು ಹೊಡೆದು ಸಾಕಾಗಿ ಸುಮ್ಮನಾಗಿದ್ದವು. ಚಿಲ್ಲರೆ ಮಾತ್ರ ಫೋಟೋ ತೆಗೆಸಿಕೊಳ್ಳುವವನ ಹಾಗೆ ಸ್ಟಿಯರಿಂಗ್ ಹಿಡಿದು ನೆಟ್ಟಗೆ ಕೂತಿದ್ದ.

"ಹೊರಡೋ ಮಹಾರಾಯ!" ಅಂದ ದೊರೆ.

"ತಟ್ಟು ಮತ್ತೆ."

"ನಾನ್ಯಾಕೆ ತಟ್ಟಲಿ? ಅದು ನಿನ್ನ ಕೆಲಸ."

"ನನ್ನ ಕೈಲಿ ಸ್ಟಿಯರಿಂಗ್ ಇದೆಯಲ್ಲೋ. ತಟ್ಟದಿದ್ರೆ ಕಾಲು ಏಳಲ್ಲ ನಂದು."

ದೊರೆ ಹಲ್ಲು ಕಡಿದ. ಅಷ್ಟರಲ್ಲಿ ದೀಪ ಮತ್ತೆ ಕೆಂಪಾಯಿತು.

ಮೂವತ್ತು ವರ್ಷ ಇವರಿಬ್ಬರೂ ಒಂದೇ ಊರಿನ ಒಂದೇ ರೂಟಿನ ಬಸ್ಸಿನಲ್ಲಿ ದುಡಿದವರು. ದೊರೆ ಡ್ರೈವರು, ಸೀಟಿನಲ್ಲಿ ಸಿಂಹಾಸನ ಏರಿದಂತೆ ಕೂರುತ್ತಿದ್ದ ಎಂದು ಆ ಹೆಸರು. ಇನ್ನೊಬ್ಬ ಕಂಡಕ್ಟರು, "ಚಿಲ್ಲರೆ ಕೊಡಿ, ಚಿಲ್ಲರೆ ಕೊಡಿ" ಎಂದು ಜನರ ಪ್ರಾಣ ತಿಂದು ಚಿಲ್ಲರೆಯೇ ಆದವನು. ಬಾಗಿಲ ಪಕ್ಕದ ತಗಡಿಗೆ ಅವನು ಅಂಗೈಯಿಂದ ಒಂದು ಸಲ ತಟ್ಟಿದರೆ ನಿಲ್ಲಬೇಕು, ಎರಡು ಸಲ ತಟ್ಟಿದರೆ ಹೊರಡಬೇಕು. ದೊರೆ ಒಂದು ದಿನವೂ ಹಿಂತಿರುಗಿ ನೋಡಿದವನಲ್ಲ. ಸದ್ದು ಕಿವಿಗೆ ಬೀಳುವುದೇ ತಡ, ಕಾಲು ತಾನಾಗಿ ಕೆಲಸ ಮಾಡುತ್ತಿತ್ತು.

ಕೊನೆಕೊನೆಗೆ ಚಿಲ್ಲರೆಗೆ ತಟ್ಟುವ ಚಟ ಹೆಚ್ಚಾಗಿತ್ತು. ಸ್ಟಾಪು ಇಲ್ಲದ ಕಡೆಯೂ ತಟ್ಟುತ್ತಿದ್ದ. ನಿಲ್ಲಿಸಿದರೆ ಯಾವನೋ ಸೈಕಲ್ಲಿನವನು ಎಡಗಡೆಯಿಂದ ನುಸುಳಿ ಹೋಗುತ್ತಿದ್ದ, ಅಷ್ಟೇ. "ವಯಸ್ಸಾಯ್ತು ನಿನಗೆ, ನೆರಳು ಕಂಡರೂ ತಟ್ತೀಯ" ಎಂದು ದೊರೆ ನಗುತ್ತಿದ್ದ.

ಆಮೇಲೆ ಒಂದು ದಿನ ಡಿಪೋ ಮ್ಯಾನೇಜರು ದೊರೆಯನ್ನು ಕರೆಸಿ ಕಣ್ಣಿನ ಪರೀಕ್ಷೆಗೆ ಕಳಿಸಿದರು. ಅಲ್ಲಿ ಬೋಗುಣಿಯಂಥ ಒಂದು ಯಂತ್ರದೊಳಗೆ ಮುಖ ಇಡಿಸಿ, ಬೆಳಕಿನ ಚುಕ್ಕಿ ಕಂಡಾಗ ಗುಂಡಿ ಒತ್ತು ಎಂದರು. ಎದುರಿಗಿದ್ದ ಚುಕ್ಕಿಗಳಿಗೆಲ್ಲ ಸರಿಯಾಗಿ ಒತ್ತಿದ. ಎಡಗಡೆ ಚುಕ್ಕಿಯೇ ಬರಲಿಲ್ಲ. ಬಂದಿತ್ತು ಎಂದರು ಅವರು. ಮರುದಿನವೇ ದೊರೆಯನ್ನು ಸಿಂಹಾಸನದಿಂದ ಇಳಿಸಿ, ವಿಚಾರಣೆ ಕಿಟಕಿಯ ಹಿಂದೆ ಮೈಕು ಕೊಟ್ಟು ಕೂರಿಸಿದರು. ಯಾವ ಬಸ್ಸು ಎಲ್ಲಿಗೆ ಹೊರಟಿದೆ ಎಂದು ಕೂಗುವ ಕೆಲಸ.

"ಯಂತ್ರ ಕೆಟ್ಟಿತ್ತು ಕಣೋ! ಮೈಲಿ ದೂರದ ಬೋರ್ಡು ಓದ್ತೀನಿ ನಾನು. ಯಾವನೋ ಚಾಡಿಕೋರ ಮ್ಯಾನೇಜರ ಕಿವಿ ಕಚ್ಚಿದ್ದಾನೆ. ಸಿಗಲಿ ಅವನು, ಚರ್ಮ ಸುಲೀತೀನಿ!"

ಈ ಮಾತು ದಾರಿಯುದ್ದಕ್ಕೂ ಬರುತ್ತಿತ್ತು. ಬಂದಾಗಲೆಲ್ಲ ಚಿಲ್ಲರೆ ಬೇಕಿರಲಿ ಬೇಡದಿರಲಿ ಗೇರು ಬದಲಿಸುತ್ತಿದ್ದ.

ಈ ಪ್ರಯಾಣ ಹೊರಡಿಸಿದ್ದೂ ಅವನೇ. ಬಸ್ಸಿನಲ್ಲಿ ದೊರೆಯ ಸೀಟಿನ ಎದುರು, ಗಾಜಿನ ಮೇಲ್ಗಡೆ, ಹಳೇ ಕ್ಯಾಲೆಂಡರಿನಿಂದ ಕತ್ತರಿಸಿದ ಹಿಮದ ಬೆಟ್ಟದ ಚಿತ್ರವೊಂದು ವರ್ಷಗಟ್ಟಲೆ ಅಂಟಿಕೊಂಡಿತ್ತು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗೆಲ್ಲ ದೊರೆ ಅದನ್ನು ನೋಡಿ, "ಒಂದಿನ ಅಲ್ಲಿಗೆ ನಡ್ಕೊಂಡು ಹತ್ತಬೇಕು" ಎನ್ನುತ್ತಿದ್ದ. ಬೆಟ್ಟ ಪಕ್ಕದ ದೇಶದ್ದು. ಕಾಲುದಾರಿಯ ತುದಿಯಲ್ಲಿ ಒಂದು ಕಲ್ಲಿನ ಗುಡಿಸಲಿದೆ, ಅಲ್ಲಿ ನಿಂತರೆ ಬೆಟ್ಟ ಥೇಟ್ ಚಿತ್ರದಂತೆ ಕಾಣುತ್ತದೆ ಎಂದು ಚಿಲ್ಲರೆ ವಿಚಾರಿಸಿಟ್ಟಿದ್ದ. ಹೋದ ವರ್ಷವಷ್ಟೇ ಡ್ರೈವಿಂಗ್ ಕಲಿತಿದ್ದ ಅವನು ಭಾವಮೈದುನನ ಕಾರು ಕೇಳಿ ತಂದ. "ಬಾಯಿ ಮುಚ್ಕೊಂಡು ಕೂತಿರಿ, ಪಾಪ ಅವರು ಓಡಿಸ್ತಾರೆ" ಎಂದು ದೊರೆಯ ಹೆಂಡತಿ ಹೇಳಿ ಕಳಿಸಿದ್ದಳು.

ಬಾಯಿ ಮುಚ್ಚುವುದೆಂದರೇನು ಸುಲಭವೇ? ಚಿಲ್ಲರೆ ಎತ್ತಿನ ಗಾಡಿಗೂ ದಾರಿ ಬಿಡುವಂಥ ಡ್ರೈವರು. ಗಡಿ ದಾಟುವ ಹೊತ್ತಿಗೆ ದೊರೆಯ ಪಿತ್ತ ನೆತ್ತಿಗೇರಿತ್ತು. "ಬ್ರೇಕು! ಗೇರು ಇಳಿಸು! ಅಯ್ಯೋ, ಆ ಲಾರೀನ ಹಿಂದೆ ಹಾಕೋ, ನಿನ್ನ ಮಾವನದಾ ಅದು?"

ಚಿಲ್ಲರೆ ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದ. "ಮೂವತ್ತು ವರ್ಷ ನಿನ್ನ ಹಿಂದೆ ನಿಂತಿದ್ದೆ. ಹೀಗೆ ಓಡಿಸು ಅಂತ ಒಂದಿನ ಬಾಯಿ ಬಿಟ್ಟಿದ್ದೀನಾ?"

ದೊರೆ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದ. ಮಧ್ಯಾಹ್ನ ಊಟಕ್ಕೆ ಒಂದು ಹೋಟೆಲಿನಲ್ಲಿ ಕೂತರು. ದೊರೆಯ ಎಡಗೈ ತಾಗಿ ಪಕ್ಕದ ನೀರಿನ ಲೋಟ ಉರುಳಿತು. ಇಂಥಾ ಮೂಲೆಯಲ್ಲಾ ಲೋಟ ಇಡೋದು ಎಂದು ದೊರೆ ಮಾಣಿಯ ಮೇಲೆ ಹರಿಹಾಯ್ದ. ಭಾಷೆ ತಿಳಿಯದ ಮಾಣಿ ನಕ್ಕು ಇನ್ನೊಂದು ತಂದು ಅಲ್ಲೇ ಇಟ್ಟ. ಚಿಲ್ಲರೆ ಅದನ್ನು ಸದ್ದಿಲ್ಲದೆ ಬಲಗಡೆಗೆ ಸರಿಸಿದ.

ಮರುದಿನ ಬೆಟ್ಟದ ಬುಡ ತಲುಪಿದಾಗ ಹೊತ್ತು ಏರಿತ್ತು. ಗೇಟಿನ ಕಾವಲುಗಾರ ಮೋಡ ತೋರಿಸಿ, ಗಡಿಯಾರ ತೋರಿಸಿ, ಎರಡು ಕೈಗಳನ್ನು ಬಾಗಿಲಿನಂತೆ ಮುಚ್ಚಿದ. ನಾಳೆಯಿಂದ ದಾರಿ ಬಂದ್, ಇವತ್ತೂ ಬೇಗ ಇಳಿದು ಬರಬೇಕು ಎಂದು ಅರ್ಥವಾಯಿತು. "ನಿನ್ನ ಎಮ್ಮೆ ನಡಿಗೆಯಿಂದ ಕೈಗೆ ಬಂದದ್ದು ಬಾಯಿಗೆ ಬರದ ಹಾಗಾಯ್ತು" ಎಂದು ಗೊಣಗಿ ದೊರೆ, ಕಾವಲುಗಾರ ಕೊಟ್ಟ ಎರಡು ಕೋಲುಗಳಲ್ಲಿ ಒಂದನ್ನು ಕಸಿದುಕೊಂಡ. "ನಾನು ಮುಂದೆ ಹೋಗ್ತೀನಿ. ಇಲ್ಲಾದ್ರೂ ನನ್ನ ಜಾಗ ನನಗೆ ಬಿಡು."

"ಮುಂದೆ ನಾನು ಹೋಗ್ತೀನಿ ಕಣೋ, ದಾರಿ ಕಿರಿದು."

"ನನಗೆ ಕಣ್ಣಿಲ್ಲ ಅಂದ್ಯಾ ನೀನೂ?"

ಚಿಲ್ಲರೆ ಹಿಂದೆ ಸರಿದ.

ದೊರೆ ಭರಭರನೆ ಹತ್ತಿದ. ಸಿಟ್ಟಿಗೆ ಕಾಲಲ್ಲಿ ಬಲ ಬಂದಿತ್ತು. ಎದುರಿಗೆ, ಬಹಳ ಮೇಲೆ, ಕಲ್ಲಿನ ಗುಡಿಸಲಿನ ಮಾಡು ಕಾಣಿಸಿತು. ಅದರ ಚಿಮಣಿಯ ತುದಿ ಮುರಿದದ್ದೂ ಕಾಣಿಸಿತು. ಇಂಥ ಕಣ್ಣಿಗೆ ಕುರುಡು ಅಂದರಲ್ಲ ಪಾಪಿಗಳು! ಗುಡಿಸಲಿನ ಮೇಲೆ ನೋಟ ನೆಟ್ಟು ಹೆಜ್ಜೆ ಬೀಸಿದ.

ಟಕ್.

ಹಿಂದೆ ಕಲ್ಲಿನ ಮೇಲೆ ಕೋಲು ಬಡಿದ ಸದ್ದು. ಒಂದೇ ಸಲ. ಯಾಕೆ ಎಂದು ತಲೆಗೆ ಹೊಳೆಯುವ ಮೊದಲೇ ದೊರೆಯ ಕಾಲು ನಿಂತುಬಿಟ್ಟಿತ್ತು. ಎಡಪಾದ ನೆಲ ಕಾಣದೆ ಗಾಳಿಯಲ್ಲಿತ್ತು. ಕತ್ತು ಪೂರ್ತಿ ತಿರುಗಿಸಿ ನೋಡಿದಾಗಷ್ಟೇ ಕಂಡಿತು: ದಾರಿ ಅಲ್ಲಿ ಬಲಕ್ಕೆ ಹೊರಳಿತ್ತು, ಎಡಗಡೆ ಸೀದಾ ಕಮರಿ. ಕೆಳಗೆ ಹೊಳೆ ದಾರದ ಎಳೆಯಷ್ಟು ಸಣ್ಣಗೆ ಹರಿಯುತ್ತಿತ್ತು.

ಕಾಲು ಹಿಂದಕ್ಕಿಟ್ಟು ಅಲ್ಲೇ ಕುಸಿದು ಕೂತ. ಚಿಲ್ಲರೆ ಬಂದು ಅವನಿಗೂ ಕಮರಿಗೂ ನಡುವೆ ಕೂತುಕೊಂಡ. ಸ್ಟಾಪು ಇಲ್ಲದ ಕಡೆ ಬೀಳುತ್ತಿದ್ದ ಆ ಒಂಟಿ ತಟ್ಟುಗಳೆಲ್ಲ, ಎಡಗಡೆಯಿಂದ ನುಸುಳಿದ ಸೈಕಲ್ಲುಗಳೆಲ್ಲ ದೊರೆಗೆ ನೆನಪಾದವು.

"ಮ್ಯಾನೇಜರ ಹತ್ರ ಹೋದವನು ನೀನೇ" ಅಂದ ದೊರೆ.

"ಹೂಂ."

"ಮೊದಲು ನನಗೆ ಹೇಳೋಕೆ ಏನಾಗಿತ್ತು ನಿನಗೆ ಧಾಡಿ?"

"ಹೇಳ್ದೆನಲ್ಲೋ. ಎರಡು ವರ್ಷ ತಟ್ಟಿ ತಟ್ಟಿ ಹೇಳಿದೆ." ಚಿಲ್ಲರೆ ತನ್ನ ಅಂಗೈ ನೋಡಿಕೊಂಡ. "ಆ ಹೆಂಗಸಿನ ಚೀಲ ಚಕ್ರದ ಕೆಳಗೆ ಹೋಯ್ತಲ್ಲ, ಅವತ್ತು ನನ್ನ ಕೈ ತಡ ಆಯ್ತು. ಚೀಲ ಅಂತ ಬಚಾವು."

ದೊರೆಗೆ ನೆನಪಿತ್ತು. ಅವತ್ತು ಅವನು ಕಿಟಕಿಯಿಂದ ತಲೆ ಹೊರಹಾಕಿ ಆ ಹೆಂಗಸನ್ನೇ ಬಾಯಿಗೆ ಬಂದಂತೆ ಬೈದಿದ್ದ. ಚಾಡಿಕೋರ ಸಿಕ್ಕರೆ ಚರ್ಮ ಸುಲಿಯಲು ತಿಂಗಳುಗಟ್ಟಲೆ ಕಾದಿದ್ದ. ಈಗ ಸಿಕ್ಕಿದ್ದಾನೆ, ಅದೂ ತನ್ನನ್ನು ಕಮರಿಯಿಂದ ಉಳಿಸಿದ ಮೇಲೆ. ಅದೇ ಇನ್ನಷ್ಟು ಹೊಟ್ಟೆ ಉರಿಸಿತು.

"ಇಳಿಯೋಣವಾ, ಹತ್ತೋಣವಾ? ನೀನು ಹೇಳಿದಂತೆ" ಅಂದ ಚಿಲ್ಲರೆ ಎದ್ದು ನಿಂತು.

ಮೋಡ ಗುಡಿಸಲಿನ ಕಡೆಗೇ ಸರಿಯುತ್ತಿತ್ತು. ಹೋದರೂ ಬೆಟ್ಟ ಕಾಣುತ್ತದೆಂಬ ಭರವಸೆ ಇರಲಿಲ್ಲ. ದೊರೆ ಕೋಲೂರಿ ಎದ್ದ. "ನಿನ್ನನ್ನ ಕ್ಷಮಿಸಿದೀನಿ ಅಂದ್ಕೋಬೇಡ" ಅಂದ.

"ಅಂದ್ಕೊಂಡಿಲ್ಲ."

"ಹಾಗಾದ್ರೆ ಮುಂದೆ ನಡಿ."

ಚಿಲ್ಲರೆ ಮುಂದೆ ಬಂದು ನಿಂತ. ನಿಂತೇ ಇದ್ದ, ಅಲುಗಾಡಲಿಲ್ಲ, ಹಿಂತಿರುಗಿಯೂ ನೋಡಲಿಲ್ಲ. ದೊರೆ ಅವನ ಬೆನ್ನನ್ನೇ ದುರುಗುಟ್ಟಿ ನೋಡಿದ. ಮೂವತ್ತು ವರ್ಷ ತನ್ನ ಬೆನ್ನನ್ನು ಇವನು ನೋಡಿದ್ದು ಹೀಗೆಯೇ ಇರಬೇಕು.

ಕೋಲೆತ್ತಿ ಕಲ್ಲಿಗೆ ಎರಡು ಸಲ ಬಡಿದ. ಎರಡನ್ನೂ ಬೇಕಾದ್ದಕ್ಕಿಂತ ಜೋರಾಗಿಯೇ.