ಕೆರೆಯ ಮೇಲೆ ಆಡಬಾರದ ಮಾತು

‘ಮಗುಚು’ ಎಂಬ ಕ್ರಿಯಾಪದಕ್ಕೆ ಜಯನಗರದ ನಮ್ಮ ಮನೆಯಲ್ಲಿ ಒಲೆಯ ಮುಂದೆ ಮಾತ್ರ ಪ್ರವೇಶವಿತ್ತು. ದೋಸೆಯನ್ನು ಮಗುಚುತ್ತಿದ್ದೆವು, ಅದಕ್ಕೆಂದೇ ಒಂದು ಮಗುಚುವ ಕೈ ಇತ್ತು. ದೋಣಿಯೂ ಮಗುಚುತ್ತದೆಂಬುದು ಪತ್ರಿಕೆಯಲ್ಲಿ ಓದಿ ತಿಳಿದದ್ದು. ಹೊಳೆಯಿಲ್ಲದ ಬಡಾವಣೆಯಲ್ಲಿ ಆ ಅರ್ಥಕ್ಕೆ ಕೆಲಸವಿರಲಿಲ್ಲ.

ಕೆಲಸ ಬಂದದ್ದು ಒಂದು ಶನಿವಾರ ಬೆಳಿಗ್ಗೆ. ಬಿಟಿಎಂನಲ್ಲಿ ನೆಂಟರ ಮನೆಯ ನಿಶ್ಚಿತಾರ್ಥ. ಹಿರಿಯರೆಂದು ತಾಂಬೂಲದ ತಟ್ಟೆ ಎತ್ತಿಕೊಡಬೇಕಾದವರು ನನ್ನ ಹೆಂಡತಿಯ ತಾಯಿ. ಈ ಗೌರವಕ್ಕಾಗಿ ಅವರು ವರ್ಷಗಟ್ಟಲೆ ಕಾದಿದ್ದರು. ಮೆರೂನ್ ರೇಷ್ಮೆ ಸೀರೆಯೂ ಕಾದಿತ್ತು. ಆದರೆ ರಾಹುಕಾಲ ಕಳೆಯದೆ ಆ ಮನೆಯ ಹೊಸಿಲು ದಾಟುವಂತಿಲ್ಲ. ಹೊತ್ತು ಕಳೆಯಲು ಮಡಿವಾಳ ಕೆರೆಗೆ ಹೋದೆವು. ರಾಹುಕಾಲದಲ್ಲಿ ದೋಣಿ ಹತ್ತಬಹುದೇ ಎಂದು ಕೇಳಿದೆ.

“ರಾಹುಕಾಲ ಶುಭಕಾರ್ಯಕ್ಕೆ. ಇದು ಟೈಂಪಾಸು” ಎಂದು ಅತ್ತೆ ತೀರ್ಪಿತ್ತರು.

ಅದು ಕಾಲಲ್ಲಿ ತುಳಿಯುವ ದೋಣಿ. ಅತ್ತೆ, ನಾನು, ನನ್ನ ಹೆಂಡತಿ, ಅವಳ ತಮ್ಮ. ಅತ್ತೆ ರೇಷ್ಮೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಬಿಗಿದು ಕುಳಿತಾಗ ನಾನು, “ಇದು ಮಗುಚಲ್ಲ ತಾನೆ?” ಎಂದೆ.

“ನೀರಿನ ಮೇಲೆ ಆ ಮಾತು ಆಡಬಾರದು” ಎಂದರು ಅತ್ತೆ. ಅವರ ಮನೆಯ ಮಾತಿನಲ್ಲಿ ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತಾರೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ.

ಕೆರೆಯ ನಡುವೆ ಭಾವಮೈದ ಫೋಟೋ ತೆಗೆಯಲು ಎದ್ದು ನಿಂತ. ಅವನದು ದಷ್ಟಪುಷ್ಟ ಶರೀರ. ದೋಣಿ ಅವನತ್ತ ವಾಲಿತು.

“ಕೂತ್ಕೊಳೋ, ದೋಣಿ ದೊಡ್ಡದಾಗುತ್ತೆ” ಎಂದರು ಅತ್ತೆ.

“ಪ್ಲಾಸ್ಟಿಕ್ಕಮ್ಮ ಇದು. ಹೆಂಗ್ ದೊಡ್ಡದಾಗುತ್ತೆ? ಸ್ವಲ್ಪ ನಗು.”

“ಹೆಚ್ಚುತ್ತೆ ಕಣೋ.”

“ಹೆಚ್ಚಿದ್ರೆ ಜಾಗ ಆಗುತ್ತೆ ಬಿಡು.”

ಕೊನೆಗೆ ನನ್ನ ಹೆಂಡತಿಯೇ, “ಲೋ, ಒಂದ್ ಕಡೆ ಬೆಂದಾಯ್ತು. ಇನ್ನೊಂದ್ ಕಡೆನೂ ಬೇಯಬೇಕಾ?” ಎಂದಳು. ಒಲೆಯ ಭಾಷೆ ಅವನಿಗೆ ತಕ್ಷಣ ತಲುಪಿತು. ಧೊಪ್ಪನೆ ಕುಳಿತ. ದೋಣಿ ಉಳಿಯಿತು. ಎದ್ದ ನೀರು ಮಾತ್ರ ಸೊಂಟದಿಂದ ಕೆಳಗೆ ಅತ್ತೆಯ ಸೀರೆಯನ್ನು ಪೂರ್ತಿ ತೋಯಿಸಿತು.

ದಡಕ್ಕೆ ಬಂದು ಅವರು ನೆರಿಗೆ ಹಿಂಡಿಕೊಂಡರು. ಮನೆಗೆ ಹೋಗಿ ಸೀರೆ ಬದಲಿಸಿ ಬರುವಷ್ಟು ಹೊತ್ತಿರಲಿಲ್ಲ. ತಟ್ಟೆ ಇನ್ನೊಬ್ಬರ ಕೈಗೆ ಹೋಗುವುದು ಖಚಿತವೆಂದು ನಾವು ಶೋಕಿಸಿದೆವು.

ನಿಶ್ಚಿತಾರ್ಥದ ಮನೆಯ ಅಜ್ಜಿ ಬಾಗಿಲಲ್ಲೇ ಸೀರೆ ನೋಡಿ ಕೈಮುಗಿದರು. “ಒದ್ದೆ ಸೀರೇಲೇ ಬಂದ್ರಾ? ಈ ಕಾಲದಲ್ಲಿ ಇಷ್ಟು ಮಡಿ ಯಾರು ಮಾಡ್ತಾರೆ? ಎಲ್ಲ ದೂರ ಸರೀರಿ, ಅವರನ್ನ ಮುಟ್ಟಬೇಡಿ.”

ಜನ ಇಬ್ಭಾಗವಾಗಿ ದಾರಿ ಬಿಟ್ಟರು. ಅತ್ತೆ ತಲೆ ತಗ್ಗಿಸದೆ, ತುಸು ಪಾಚಿಯ ವಾಸನೆಯೊಂದಿಗೆ, ದೇವರ ಮುಂದೆ ಹೋಗಿ ಕುಳಿತು ತಟ್ಟೆ ಎತ್ತಿಕೊಟ್ಟರು.

ಆಟೋದಲ್ಲಿ ಹಿಂದಿರುಗುವಾಗ ಭಾವಮೈದ ಶುರುಮಾಡಿದ: “ಅಲ್ಲಮ್ಮ, ಅದು ಮಡಿ ಅಲ್ಲ, ದೋಣಿ ಮಗು—”

“ಬಾಯ್ಮುಚ್ಚು” ಎಂದರು ಅತ್ತೆ. “ಇದಕ್ಕಿರೋದೇ ಮೂರು ಚಕ್ರ.”