ಮುಂದೆ ಬೀಳುವ ಕಿಡಿ

ಅಪ್ಪನ ಕಾರಿಗೆ ಅಕ್ಕನಷ್ಟೇ ವಯಸ್ಸು. ಅದರ ಬಾನೆಟ್ ಎತ್ತಿ, ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳುವುದನ್ನು ಅಪ್ಪ ಕಲಿಸಿದ್ದು ನನಗೆ, ಅಕ್ಕನಿಗಲ್ಲ. ಅಕ್ಕನ ಗಂಡ ಆ ಮನೆಗೆ ಬಂದದ್ದು ಎಷ್ಟೋ ವರ್ಷದ ಮೇಲೆ. ಇದನ್ನು ಮೊದಲೇ ಬರೆದಿಡುತ್ತೇನೆ, ಏಕೆಂದರೆ ಆ ನಾಲ್ಕು ತಿಂಗಳು ನಾನು ಮಾಡಿದ್ದಕ್ಕೆಲ್ಲ ಕಾರಣ ಇದೇ.

ನಾನು ದಿಂಡಿಗಲ್ಲಿನಲ್ಲಿ ಒಂದು ತಮಿಳು ಪತ್ರಿಕೆಯ ಸುದ್ದಿಮನೆಯಲ್ಲಿದ್ದೇನೆ. ಅಪ್ಪ, ಅಕ್ಕ, ಬಾವ ಕಂಬಂ ಬಳಿಯ ಗೂಡಲೂರಿನಲ್ಲಿ ದ್ರಾಕ್ಷಿ ತೋಟದ ಪಕ್ಕದ ಮನೆಯಲ್ಲಿದ್ದಾರೆ. ಪ್ರತಿ ಸೋಮವಾರ ಅಪ್ಪ ತಾವೇ ಕಾರು ಓಡಿಸಿಕೊಂಡು ಘಾಟಿ ಹತ್ತಿ, ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳಲು ಕೇರಳದ ಗಡಿಯ ಕುಮಳಿಗೆ ಹೋಗುತ್ತಾರೆ. ಒಂದು ಸೋಮವಾರ ಏರಿನಲ್ಲಿ ಎಂಜಿನ್ ಟಕಟಕ ಎನ್ನಲು ಶುರುಮಾಡಿತು, ಡಬ್ಬಿಯೊಳಗೆ ಹುಣಸೆಬೀಜ ಹಾಕಿ ಅಲ್ಲಾಡಿಸಿದ ಹಾಗೆ. ಅಪ್ಪ ಬತ್ತಲಗುಂಡಿನ ಹಳೆಯ ಮೆಕ್ಯಾನಿಕ್ಕಿಗೆ ತೋರಿಸಿ ಬಂದರು. ಆ ಭಾನುವಾರ ಎಂದಿನಂತೆ ನಾನು ಊರಿಗೆ ಬಂದಿದ್ದೆ; ಊಟಕ್ಕೆ ಕೂತಾಗ ನನಗೂ ಬಾವನಿಗೂ ಹೇಳಿದರು:

"ಬೆಂಕಿ ವಸಿ ಮುಂದಾಗಿ ಬೀಳ್ತೈತಂತೆ. ಅವನತ್ರ ಏಳೆಂಟು ಗಾಡಿ ನಿಂತಿದ್ವು. ನಮ್ಮನೇಲಿ ಅಳಿಯ ಅವ್ನೆ, ಅವ ನೋಡ್ಕೊತಾನೆ ಅಂದು ಬಂದ್ಬುಟ್ಟೆ."

ನಾನು ಎದುರಿಗೇ ಕೂತಿದ್ದೆ. ಅಪ್ಪ ನನ್ನ ಕಡೆ ನೋಡಲಿಲ್ಲ. "ಸರಿ ಮಾವ" ಎಂದು ಬಾವ ಸಾರು ಬಡಿಸಿಕೊಂಡ.

ಬಾವ ಒಳ್ಳೆಯವನು. ಅದೇ ತೊಂದರೆ. ಅವನಲ್ಲಿ ನಾನು ಹಿಡಿಯಬಹುದಾಗಿದ್ದ ತಪ್ಪು ಒಂದೇ, ಅವನ ಕನ್ನಡ. ಅರ್ಧ ತಮಿಳು. "ನೇರ ಆಗೋಯ್ತು" ಅನ್ನುತ್ತಾನೆ. "ಹೊತ್ತಾಯ್ತು ಅನ್ನಿ ಬಾವ" ಎಂದು ನಾನು ತಿದ್ದುತ್ತಿದ್ದೆ. ಮನೆಮಾತು ಕನ್ನಡವಾದರೂ ನಮ್ಮ ಕಡೆ ಅದನ್ನು ಓದಲು ಬರುವವರು ಕಡಿಮೆ. ನಾನು ಪುಸ್ತಕ ತರಿಸಿಕೊಂಡು ಕಲಿತವಳು. "ಪೇಪರಮ್ಮ ಬಂದ್ಲು, ಎಲ್ರೂ ಬಾಯಿ ತೊಳ್ಕೊಂಡು ಮಾತಾಡ್ರಪ್ಪಾ" ಎಂದು ಅವನು ನಗಿಸುತ್ತಿದ್ದ. ಅಪ್ಪ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

ಊಟವಾದ ಮೇಲೆ ಬಾವ ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ ಏನೋ ಮಾಡಿದ. ಎಂಜಿನ್ನಿನ ಒಳಗೆ ಕಿಡಿ ಯಾವ ಗಳಿಗೆಗೆ ಬೀಳಬೇಕೆಂದು ನಿರ್ಧರಿಸುವುದು ಆ ಕಪ್ಪು ಮುಚ್ಚಳದ ಭಾಗ. ಒಂದು ಎಳೆಯಷ್ಟು ಈ ಕಡೆ ತಿರುಗಿಸಿದರೆ ಕಿಡಿ ಬೇಗ, ಆ ಕಡೆ ತಿರುಗಿಸಿದರೆ ತಡ. ಅವನು ತಡದ ಕಡೆಗೆ ತಿರುಗಿಸಿದ್ದ. ಮುಂದೆ ಬೀಳುತ್ತದೆ ಎಂದರೆ ಆಮೇಲೆ ಬೀಳುತ್ತದೆ, ಈಗಾಗಲೇ ತಡವಾಗಿದೆ ಎಂದಲ್ಲವೇ? ಇವನು ಇನ್ನಷ್ಟು ತಡ ಮಾಡುತ್ತಿದ್ದಾನೆ. ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲು ನಾಚಿಕೆ.

ಸಂಜೆ ಕಾರು ಒರೆಸುವ ನೆಪದಲ್ಲಿ ಹೋಗಿ ಅದನ್ನು ಬೇಗದ ಕಡೆಗೆ ತಿರುಗಿಸಿದೆ. ಕಂಬಂ ರಸ್ತೆಯ ಸಮತಟ್ಟಿನಲ್ಲಿ ಓಡಿಸಿ ನೋಡಿದರೆ ಕಾರು ಚುರುಕಾಗಿತ್ತು. ಯಾರಿಗೂ ಹೇಳಲಿಲ್ಲ. ಪೂರ್ತಿ ಸರಿಯಾದ ದಿನ ಎಲ್ಲರ ಮುಂದೆ ಹೇಳಬೇಕೆಂದಿದ್ದೆ.

ಮರುದಿನ ಏರಿನಲ್ಲಿ ಮತ್ತೆ ಟಕಟಕ. ಸಂಜೆ ಬಾವ ಸರಿಮಾಡಿದನಂತೆ. ಮುಂದಿನ ಭಾನುವಾರ ನಾನು ಬಂದು ನೋಡಿದರೆ ಕಾರು ಮಂಕಾಗಿ ಓಡುತ್ತಿತ್ತು. ಮತ್ತೆ ಕೆಡಿಸಿದ್ದಾನೆ ಎಂದು ಮತ್ತೆ ತಿರುಗಿಸಿದೆ. ಹೀಗೆಯೇ ಭಾನುವಾರಗಳು ಕಳೆದವು. ಬೋಲ್ಟು ತಾನಾಗಿ ಸಡಿಲವಾಗುತ್ತಿದೆ ಎಂದು ಬಾವ ಎರಡು ಸಲ ವಾಷರ್ ಬದಲಿಸಿದ. ಆದರೂ ಅಪ್ಪ ಅವನನ್ನೇ ಕೇಳುತ್ತಿದ್ದರು.

ಕೊನೆಗೆ ಅಪ್ಪ ಫೋನಿನಲ್ಲಿ ಹೇಳಿದರು: "ಇನ್ನೊಂದು ಸೋಮವಾರ ನೋಡ್ತೀನಿ. ಆಗ್ಲಿಲ್ವಾ, ನಿಲಕ್ಕೋಟ್ಟೈ ಹೂವಿನ ವ್ಯಾಪಾರಿ ಕೇಳ್ತಾವ್ನೆ, ಕೊಟ್ಬುಡ್ತೀನಿ."

ಆ ದಿನ ಕಚೇರಿಯಲ್ಲಿ ನನ್ನ ನೋಟ್‌ಬುಕ್ ತೆಗೆದೆ. ಅಕ್ಕ ಫೋನಿನಲ್ಲಿ ಹೇಳಿದ್ದನ್ನೆಲ್ಲ ಬರೆದಿಟ್ಟಿದ್ದೆ. ಸೋಮವಾರ, ಎರಡನೇ ತಿರುವು, ಸದ್ದು. ಗುರುವಾರ, ಬಾವ ಕುಮಳಿಗೆ ಹೋಗಿ ಬಂದ, ಸದ್ದಿಲ್ಲ. ಸೋಮವಾರ, ಸದ್ದು. ಬೇರೆ ಯಾರಾದರೂ ತಂದ ವರದಿಯಾಗಿದ್ದರೆ ಭಾನುವಾರ ಆ ಮನೆಗೆ ಯಾರು ಬರುತ್ತಾರೆ ಎಂದು ನಾನು ಮೊದಲ ದಿನವೇ ಕೇಳುತ್ತಿದ್ದೆ.

ಭಾನುವಾರ ಬೆಳಿಗ್ಗೆ ಊರಿಗೆ ಹೋಗುವ ದಾರಿಯಲ್ಲಿ ಬತ್ತಲಗುಂಡಿನಲ್ಲಿ ಬಸ್ಸಿನಿಂದ ಇಳಿದೆ. ಮೆಕ್ಯಾನಿಕ್ಕಿಗೆ ಕಾರಿನ ನೆನಪಿತ್ತು. ತಮಿಳಿನಲ್ಲಿ ಹೇಳಿದ: "ಕಿಡಿ ಮುನ್ನಾಡಿ ಬೀಳುತ್ತಿದೆ ಅಂದೆನಲ್ಲಮ್ಮಾ, ಬೀಳಬೇಕಾದ್ದಕ್ಕಿಂತ ಮೊದಲೇ. ನಿಮ್ಮಪ್ಪನಿಗೆ ಚೆನ್ನಾಗಿ ಅರ್ಥವಾಯಿತು."

ಕಾಲದ ಮಾತಿನಲ್ಲಿ ತಮಿಳಿನ ಮುನ್ನಾಡಿ ಎಂದರೆ ಮೊದಲು. ಅಪ್ಪ ಆ ಮಾತನ್ನು ಹಾಗೆಯೇ ಮನೆಯ ಕನ್ನಡಕ್ಕೆ ತಂದು 'ಮುಂದಾಗಿ' ಎಂದಿದ್ದರು. ಬಾವನಿಗೆ ತಕ್ಷಣ ತಿಳಿಯಿತು. ನಾನು ಅದನ್ನು ಪುಸ್ತಕದ ಕನ್ನಡದಲ್ಲಿ ಕೇಳಿಸಿಕೊಂಡೆ. ಅಲ್ಲಿ ಮುಂದಿನ ವಾರ ಎಂದರೆ ಇನ್ನೂ ಬಾರದ ವಾರ. ಇಪ್ಪತ್ತು ವರ್ಷ ತಮಿಳಿನಲ್ಲೇ ದುಡಿದವಳು, ನನ್ನ ಅಪ್ಪನ ಮಾತನ್ನೇ ತಪ್ಪಾಗಿ ಕೇಳಿದ್ದೆ.

ಗೂಡಲೂರಿನವರೆಗೂ ಬಸ್ಸಿನಲ್ಲಿ ಒಂದೇ ಲೆಕ್ಕ. ಈ ಭಾನುವಾರ ಸುಮ್ಮನೆ ಕಾರು ಮುಟ್ಟದೆ ಇದ್ದರೆ ಸಾಕು. ಕಾರು ಉಳಿಯುತ್ತದೆ, ನಾನೂ ಉಳಿಯುತ್ತೇನೆ. ಆದರೆ ಬಾವನ ಕೈ ಸರಿಯಿಲ್ಲ ಎಂಬ ಮಾತು ಅಕ್ಕನ ಬಾಯಲ್ಲೂ ಬಂದಾಗಿತ್ತು. ಪತ್ರಿಕೆಯಲ್ಲಿ ನಾವು ತಪ್ಪು ಮಾಡಿದರೆ ಮರುದಿನ ತಿದ್ದುಪಡಿ ಹಾಕುತ್ತೇವೆ.

ಊಟದ ಹೊತ್ತಿಗೆ ಹೇಳಿದೆ. "ಅದನ್ನ ತಿರುಗಿಸ್ತಿದ್ದದ್ದು ನಾನು. ಪ್ರತಿ ಭಾನುವಾರ."

ಅಕ್ಕ ಸೌಟು ಹಿಡಿದೇ ನಿಂತಳು. ಬಾವ ಒಂದು ಕ್ಷಣ ನೋಡಿ, "ಎರಡು ವಾಷರ್ ಕೊಡಬೇಕು ನೀನು, ಪೇಪರಮ್ಮ" ಎಂದ. 'ಮುಂದಾಗಿ'ಯ ಕಥೆ ಹೇಳಿದಾಗ ಅವನಿಗೆ ನಗು ತಡೆಯಲಾಗಲಿಲ್ಲ. ಅಪ್ಪ ನಗಲಿಲ್ಲ.

"ಅರ್ತ ಆಗ್ಲಿಲ್ಲ ಅಂದ್ರೆ ನನ್ನ ಕೇಳೋಕೇನು ನಿಂಗೆ?"

"ನೀವು ಹೇಳಿದ್ದು ಅವರಿಗಲ್ವಾ" ಎಂದೆ.

ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಿದರು. ಆಮೇಲೆ, "ನಾಳೆ ರಜಾ ಹಾಕು. ನೀನೂ ಬಾ" ಎಂದರು.

ಸೋಮವಾರ ಬಾವ ಓಡಿಸಿದ, ಅಪ್ಪ ಅವನ ಪಕ್ಕ ಕೂತರು, ನಾನು ಹಿಂದೆ. ಎರಡನೇ ತಿರುವಿನಲ್ಲಿ ಮೂವರೂ ಮಾತು ನಿಲ್ಲಿಸಿದೆವು. ಎಂಜಿನ್ ಸದ್ದಿಲ್ಲದೆ ಏರಿತು. ಅಪ್ಪ ಫೋನ್ ತೆಗೆದು ಹೂವಿನ ವ್ಯಾಪಾರಿಗೆ ಕಾರು ಕೊಡುವುದಿಲ್ಲವೆಂದು ಹೇಳಿ, ಬಾವನ ಕಡೆ ತಿರುಗಿದರು.

"ಏನಾರ ಕೇಳ್ತದಾ?"

"ಏನೂ ಇಲ್ಲ ಮಾವ."

ನಾನೂ ಕಣ್ಣು ಮುಚ್ಚಿ ಕೇಳುತ್ತಿದ್ದೆ. ಏನೂ ಇರಲಿಲ್ಲ. ನನ್ನನ್ನು ಕೇಳಿದ್ದರೆ ಅದನ್ನೇ ಹೇಳುತ್ತಿದ್ದೆ.